ಏನೂ ಆಗಿಲ್ರಿ

ಹುಬ್ಬಳ್ಳಿ–ಧಾರವಾಡದ ನಡುವೆ ಬಸ್ಸುಗಳು ತಾವಾಗಿಯೇ ಓಡುವುದನ್ನು ಕಲಿತ ಮೇಲೂ ಕಂಡಕ್ಟರುಗಳನ್ನು ಮನೆಗೆ ಕಳಿಸಲು ಆಗಲಿಲ್ಲ. ಕಳಿಸಿ ನೋಡಿದ್ದರು. ಜಗಳವಾಡಲು ಒಬ್ಬ ಮನುಷ್ಯನೂ ಸಿಗದಿದ್ದಾಗ ಜನ ಬಸ್ಸಿನ ಜೊತೆಯೇ ಜಗಳಕ್ಕೆ ನಿಂತರು. ಬಾಗಿಲು ಒದ್ದರು, ಕ್ಯಾಮೆರಾದ ಮೇಲೆ ಎಲೆ ಅಡಿಕೆ ಉಗುಳಿದರು. ಹೀಗಾಗಿ ಕಂಡಕ್ಟರುಗಳು ಮರಳಿ ಬಂದರು. ಅವರಲ್ಲಿ ಮಹಾನಂದಾ ಹೆಬ್ಬಳ್ಳಿಯೂ ಒಬ್ಬಳು. ಐವತ್ತು ದಾಟಿದ ಹೆಂಗಸು. ಮುಂದಿನ ಬಾಗಿಲಲ್ಲಿ ನಿಂತು "ಒಳಗ ಸರೀರಿ" ಎಂದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಸರಿಯುತ್ತಿದ್ದರು, ಅಂಥ ಗಂಟಲು.

ಎಡ ಮೊಲೆಯಲ್ಲಿ ಕ್ಯಾನ್ಸರಿನ ಗಂಟು ಸಿಕ್ಕು ಅದನ್ನು ಪೂರ್ತಿ ತೆಗೆದ ಮೇಲೆ ಆ ಗಂಟಲು ಸಣ್ಣಗಾಯಿತು. ಔಷಧದಿಂದ ಉದುರಿದ ಕೂದಲು ಮತ್ತೆ ಬಂತು, ಡ್ಯೂಟಿಗೂ ಸೇರಿದಳು. ಆದರೆ ಖಾಕಿ ಅಂಗಿಯ ಒಂದು ಬದಿ ಬರಿದಾಗಿ ಬಡಿದುಕೊಳ್ಳುತ್ತಿತ್ತು. ಹಳೇ ಸೀರೆಯ ಮೆತ್ತನೆ ಬಟ್ಟೆಯನ್ನು ಉಂಡೆ ಮಾಡಿ, ಹೊಲಿದು, ಒಳಗೆ ಇಟ್ಟುಕೊಳ್ಳುವುದನ್ನು ಕಲಿತಳು.

ಒಂದು ದಿನ ವಿದ್ಯಾನಗರದಲ್ಲಿ ಕಾಲೇಜಿನ ಹುಡುಗರು ನುಗ್ಗಿದರು. ಮೇಲಿನ ಸರಳು ಹಿಡಿದು ತೋಳೆತ್ತಿ ನಿಂತಿದ್ದ ಮಹಾನಂದಾಳ ಅಂಗಿಯ ಕೆಳಗಿನಿಂದ ಆ ಉಂಡೆ ಜಾರಿ ಬಿತ್ತು. ಮುಂದಿನ ಸೀಟಿನಲ್ಲಿದ್ದ ರುಮಾಲಿನ ಮುದುಕರೊಬ್ಬರು ಬಾಗಿ ಎತ್ತಿಕೊಂಡು, ಧೂಳು ಕೊಡವಿ, ಮರ್ಯಾದೆಯಿಂದ ಚಾಚಿದರು.

"ತಂಗೀ, ನಿಮ್ದೇನೋ ಬಿತ್ತ ನೋಡವ್ವಾ."

ಅಷ್ಟರಲ್ಲಿ ಅದೇನೆಂದು ಸುತ್ತಲಿನವರಿಗೆ ತಿಳಿದಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಎಲ್ಲರೂ ಒಮ್ಮೆಲೇ ಕಿಟಕಿಯಾಚೆ ನೋಡತೊಡಗಿದರು.

"ನಂದಲ್ರಿ," ಎಂದಳು ಮಹಾನಂದಾ.

ಮುದುಕರು ಗೊಂದಲಗೊಂಡು ಅದನ್ನು ಖಾಲಿ ಸೀಟಿನ ಮೇಲೆ ಇಟ್ಟರು. ಧಾರವಾಡದ ತನಕ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಆ ವಾರವೇ ಅವಳು ಧಾರವಾಡದ ಹೊರಗಿನ ಸಂಶೋಧನಾ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಅಲ್ಲಿ ಹೊಸ ಮೊಲೆ ಬೆಳೆಸಿ ಕೊಡುವ ಪ್ರಯೋಗ ನಡೆದಿದೆ, ಒಪ್ಪಿದ ಹೆಂಗಸರನ್ನು ಸೇರಿಸಿಕೊಳ್ಳುತ್ತಾರೆ ಎಂದು ಕ್ಯಾನ್ಸರ್ ವಾರ್ಡಿನ ನರ್ಸ್ ಹೇಳಿದ್ದಳು. ಪ್ರಯೋಗದ ಮುಖ್ಯಸ್ಥೆ ಡಾಕ್ಟರ್ ಫರ್ಹಾನಾ ಮುಲ್ಲಾ. ಗಣೇಶಪೇಟೆಯಲ್ಲಿ ಹುಟ್ಟಿ ಬೆಳೆದವಳು, ಮಾತಿನಲ್ಲಿ ಚುರುಕು.

"ನಿಮ್ಮ ಹೊಟ್ಟಿ ಮ್ಯಾಲಿಂದ ಒಂದಿಷ್ಟು ಕೊಬ್ಬು ತಗೋತೀವ್ರಿ," ಎಂದು ಆಕೆ ವಿವರಿಸಿದಳು. "ಅದರಾಗಿನ ಜೀವಕೋಶಕ್ಕ ಮತ್ತ ಎಳೇತನ ಕೊಡ್ತೀವಿ. ಮುದುಕರನ್ನ ಕೂಸು ಮಾಡಿಧಂಗ. ಆಮ್ಯಾಲ ರೇಷ್ಮಿ ಎಳೀದು ಒಂದು ಜಾಲರಿ ಮಾಡಿ, ಅದರ ಮ್ಯಾಲ ಬೆಳಸ್ತೀವಿ. ಬಳ್ಳಿಗೆ ಹಂದರ ಹಾಕೋದಿಲ್ಲೇನ್ರಿ, ಹಂಗ. ನಿಮ್ಮ ಎದೀಗೆ ಕೂಡಿಸಿದ ಮ್ಯಾಲ ರೇಷ್ಮಿ ತಾನ ಕರಗಿ ಹೋಗ್ತದ, ನಿಮ್ಮ ಮೈ ಅಷ್ಟ ಉಳೀತದ."

"ಮುಟ್ಟಿದ್ರ ಗೊತ್ತಾಗ್ತದೇನ್ರಿ?"

ಫರ್ಹಾನಾ ನಕ್ಕಳು. "ಅದಽ ನಮ್ಮ ಹೆಚ್ಚುಗಾರಿಕಿ. ಪಕ್ಕೆಲುಬಿನ ಸಂದಿಯಿಂದ ಬರೋ ನರಾ ತಂದು ಇದಕ್ಕ ಜೋಡಸ್ತೀವಿ. ಇಲ್ಲೀತನಕ ಯಾರೂ ಮಾಡಿಲ್ಲ."

ಕೂದಲಿನಷ್ಟು ಸಣ್ಣ ತಂತುಗಳನ್ನೂ ಒಳಗೆ ಇಡುತ್ತಾರೆ. ಅವು ಅಲ್ಲಿನ ಬಿಸಿ, ರಕ್ತದ ಹರಿವು ಎಲ್ಲವನ್ನೂ ಆಸ್ಪತ್ರೆಗೆ ಕಳಿಸುತ್ತವೆ. ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಪ್ರತಿಯೊಬ್ಬ ಹೆಂಗಸಿಗೂ ಒಂದು ಬಣ್ಣದ ಚಿತ್ರ. ಹೆಸರಿರುವುದಿಲ್ಲ ಎಂದು ಫರ್ಹಾನಾ ಭರವಸೆ ಕೊಟ್ಟಳು.

ಮಹಾನಂದಾ ಒಪ್ಪಿದಳು. ಆದರೆ ಮನೆಯಲ್ಲಿ ಹೇಳುವುದು ಹೇಗೆ? ಗಂಡ ಗುರುಪಾದಪ್ಪ ಹಳೇ ಹುಬ್ಬಳ್ಳಿಯಲ್ಲಿ ಖಾರದ ಗಿರಣಿ ನಡೆಸುತ್ತಿದ್ದ. ಮಗಳ ಮದುವೆಯಾಗಿತ್ತು. ಜೀವ ಉಳಿದದ್ದೇ ದೊಡ್ಡದು ಎಂದು ಬೀಗರು, ಓಣಿಯವರು ಎಲ್ಲರೂ ಹೇಳುತ್ತಿರುವಾಗ ಈ ವಯಸ್ಸಿನಲ್ಲಿ ಇದು ಬೇಕೆನ್ನಲು ಅವಳ ನಾಲಿಗೆ ಏಳಲಿಲ್ಲ. ಯಾರಿಗೆ ತೋರಿಸಲು ಎಂದು ಯಾರೂ ಕೇಳಿರಲಿಲ್ಲ. ಅವಳೇ ಕೇಳಿಕೊಂಡು ಅವಳೇ ಕುಗ್ಗಿದ್ದಳು.

"ತೋಳು ಮ್ಯಾಲೆತ್ತಾಕ ಬರವಲ್ದು. ಗಾಯ ಜಗ್ತದ. ಅದನ್ನ ಸಡ್ಲ ಮಾಡ್ತಾರಂತ," ಎಂದಳು ಗಂಡನಿಗೆ.

"ಮಾಡ್ಸಕೋ ಮತ್ತ," ಎಂದ ಗುರುಪಾದಪ್ಪ, ರೊಟ್ಟಿ ಮುರಿಯುತ್ತ.

ಶಸ್ತ್ರಚಿಕಿತ್ಸೆಯ ನಂತರದ ದಿನಗಳು ಸುಲಭದವಾಗಿರಲಿಲ್ಲ. ಕಂಕುಳ ಕೆಳಗಿನ ನಳಿಕೆಯಿಂದ ಕೆಂಪು ನೀರು ಇಳಿದು ಬಾಟಲಿಗೆ ಸೇರುತ್ತಿತ್ತು. ಹೊಟ್ಟೆಯ ಹೊಲಿಗೆ ಎಳೆಯುತ್ತಿದ್ದುದರಿಂದ ಬಾಗಿ ನಡೆಯಬೇಕು, ತಲೆ ಬಾಚಿಕೊಳ್ಳಲು ಬೇರೆಯವರ ಕೈ ಬೇಕು, ಮಗ್ಗುಲಾಗುವಂತಿಲ್ಲ. ಹೊಸದು ಮೊದಮೊದಲು ಅವಳದೆನಿಸಲಿಲ್ಲ. ಎದೆಯ ಮೇಲೆ ಯಾರೋ ಇಟ್ಟು ಮರೆತುಹೋದ ಗಂಟಿನಂತೆ ಭಾರವಾಗಿ, ತಣ್ಣಗೆ ಕೂತಿತ್ತು. ಸ್ನಾನ ಮಾಡುವಾಗ ಕನ್ನಡಿಗೆ ಟವೆಲ್ ಹಾಕುತ್ತಿದ್ದಳು.

ಗಾಯ ಮಾಗಿ ನಾಲ್ಕಾರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬಚ್ಚಲಲ್ಲಿ ತಂಬಿಗೆಯ ನೀರು ಹೆಗಲಿಂದ ಇಳಿಯುವಾಗ, ಆ ನೀರು ಎಲ್ಲಿ ಹೋಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಬಿಸಿ ಎನಿಸಿತು. ಮತ್ತೊಂದು ತಂಬಿಗೆ ಸುರಿದುಕೊಂಡಳು, ಮತ್ತೊಂದು. ಹಂಡೆ ಬರಿದಾಗುವ ತನಕ ಸುರಿದುಕೊಂಡು, ಗೋಡೆಗೆ ಹಣೆ ಹಚ್ಚಿ ಅತ್ತಳು. ಆ ಸಂತೋಷವನ್ನೂ ಯಾರಿಗೂ ಹೇಳಲಿಲ್ಲ. ಇಂಥ ಸಂತೋಷವನ್ನು ಯಾವ ಬಾಯಿಯಿಂದ ಹೇಳುವುದು?

ಮತ್ತೆ ಡ್ಯೂಟಿಗೆ ಹೋಗತೊಡಗಿದಳು. ಟಿಕೆಟ್ ಯಂತ್ರದ ಬೆಲ್ಟು ಬಲ ಹೆಗಲಿನಿಂದ ಎಡ ಸೊಂಟಕ್ಕೆ, ಸರಿಯಾಗಿ ಎದೆಯ ಮೇಲೆ ಹಾದುಹೋಗುತ್ತಿತ್ತು. ಬಸ್ಸು ಕುಲುಕಿದಾಗಲೆಲ್ಲ ಉಜ್ಜುತ್ತಿತ್ತು. ಉಜ್ಜಿದ್ದು ಗೊತ್ತಾಗುತ್ತದಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಸತ್ತೂರಿನ ಸ್ಟಾಪಿನಲ್ಲಿ ಒಬ್ಬ ಹುಡುಗಿ ಹಸುಗೂಸನ್ನು ಎತ್ತಿಕೊಂಡು ಹತ್ತಿದ ದಿನ ಆ ಹಿಗ್ಗು ಇಳಿಯಿತು. ಕೂಸು ಕಿರುಚಿ ಅಳುತ್ತಿತ್ತು. ಮಹಾನಂದಾಳ ಎದೆಯಲ್ಲಿ ಏನೋ ಜುಮ್ಮೆಂದಿತು, ಎಳೆದಂತಾಯಿತು. ನೋಡಿಕೊಂಡರೆ ಖಾಕಿಯ ಮೇಲೆ ಒಂದು ಒದ್ದೆ ಕಲೆ, ನೋಡನೋಡುತ್ತಿದ್ದಂತೆ ಅಗಲವಾಗುತ್ತಿತ್ತು.

ಟಿಕೆಟ್ ಯಂತ್ರವನ್ನು ಎದೆಗೆ ಅವುಚಿಕೊಂಡು ಕೊನೆಯ ಸ್ಟಾಪಿನ ತನಕ ನಿಂತಳು. ಮೊದಲು ಬಂದದ್ದು ಭಯ: ಹಳೆಯ ರೋಗ ಮರಳಿತು. ಡಿಪೋದ ಪಾಯಿಖಾನೆಯಲ್ಲಿ ಬಾಗಿಲು ಹಾಕಿ ಬೆರಳಿಗೆ ಹಚ್ಚಿ ನೋಡಿದಳು. ರಕ್ತವಲ್ಲ, ಕೀವಲ್ಲ. ಬೆಳ್ಳಗೆ, ತೆಳ್ಳಗೆ. ಮಗಳನ್ನು ಹೆತ್ತವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಯ ಹೋದ ಜಾಗಕ್ಕೆ ನಾಚಿಕೆ ಬಂದು ಕೂತಿತು. ಮುಟ್ಟು ನಿಂತು ವರ್ಷಗಳಾದ ಹೆಂಗಸಿಗೆ ಹಾಲು! ಬೇಡದ್ದನ್ನು ಬಯಸಿದ್ದಕ್ಕೆ ಇದೇ ಆಗಬೇಕಿತ್ತು ಎಂದುಕೊಂಡಳು.

ಪ್ರಯೋಗಕ್ಕೆ ಸೇರಿದವರಿಗೆಲ್ಲ ದಿನವೂ ಬೆಳಿಗ್ಗೆ ಆಸ್ಪತ್ರೆಯ ಯಂತ್ರದ ಫೋನು ಬರುತ್ತಿತ್ತು. ದನಿ ಹೆಣ್ಣಿನದು, ಕನ್ನಡ ಪುಸ್ತಕದ್ದು. ಮರುದಿನ ಗುರುಪಾದಪ್ಪ ಅವಲಕ್ಕಿ ತಿನ್ನುತ್ತ ಕೂತಿದ್ದಾಗಲೇ ಅದು ಮೊಳಗಿತು.

"ನಮಸ್ಕಾರ. ತಮ್ಮ ಸ್ತನದಲ್ಲಿ ಯಾವುದೇ ಬದಲಾವಣೆ ಕಂಡುಬಂದಿದೆಯೇ?"

ಮಹಾನಂದಾ ಫೋನಿನ ಮೇಲೆ ಅಂಗೈ ಮುಚ್ಚಿ ಬಚ್ಚಲಿಗೆ ಓಡಿದಳು. "ಇಲ್ಲ, ಇಲ್ಲ, ಏನೂ ಆಗಿಲ್ರಿ."

"ಧನ್ಯವಾದಗಳು. ಶುಭದಿನ."

ಅಂದಿನಿಂದ ಹಳೇ ಸೀರೆಯನ್ನು ಪಟ್ಟಿಯಾಗಿ ಹರಿದು ಎದೆಗೆ ಬಿಗಿದು ಕಟ್ಟಿಕೊಂಡಳು. ಅದೂ ಉಜ್ಜುತ್ತಿತ್ತು. ಹಾಲು ನಿಲ್ಲಲಿಲ್ಲ.

ತಿಂಗಳ ತಪಾಸಣೆಗೆ ಹೋದಾಗ ಪಟ್ಟಿಯನ್ನು ಚೀಲದಲ್ಲಿ ಅಡಗಿಸಿ, ಬಸ್‌ಸ್ಟ್ಯಾಂಡಿನ ಪಾಯಿಖಾನೆಯಲ್ಲಿ ಹಾಲು ಹಿಂಡಿ ಎದೆ ಬರಿದು ಮಾಡಿಕೊಂಡೇ ಹೋಗಿದ್ದಳು. ಫರ್ಹಾನಾ ಅವಳನ್ನು ನಿಯಂತ್ರಣ ಕೋಣೆಗೆ ಕರೆದೊಯ್ದಳು. ಗೋಡೆಯ ತುಂಬ ದುಂಡನೆಯ ಚಿತ್ರಗಳು ಹಸಿರು, ಹಳದಿಯಲ್ಲಿ ಮಿಣುಗುತ್ತಿದ್ದವು. ಒಂದು ಮಾತ್ರ ನಡುವೆ ಕಿತ್ತಳೆಯಾಗಿತ್ತು.

"ಇದು ನೀವು. ಬಿಸಿ ಜಾಸ್ತಿ ಐತ್ರಿ, ರಕ್ತದ ಓಡಾಟನೂ ಹೆಚ್ಚೈತಿ. ಏನರ ತ್ರಾಸು?"

ಅಲ್ಲಿ ಇಬ್ಬರು ಗಂಡಸು ತಂತ್ರಜ್ಞರು ಕೂತಿದ್ದರು. ಒಬ್ಬ ಚಹಾ ಕುಡಿಯುತ್ತಿದ್ದ.

"ಮಿಷಿನ್ ಬೆಲ್ಟ್ ತಿಕ್ತದಲ್ರಿ, ಅದಕ್ಕಿರಬೇಕು," ಎಂದಳು ಮಹಾನಂದಾ. ಅದು ಸುಳ್ಳೂ ಆಗಿರಲಿಲ್ಲ.

ಫರ್ಹಾನಾ ತಲೆಯಾಡಿಸಿದಳು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಫೋನಿನಲ್ಲಿ ಯಾವ ಹೆಂಗಸೂ ದೂರು ಹೇಳಿರಲಿಲ್ಲ. "ನರಾ ಛಲೋ ಕೂಡ್ಯಾವು ಅಂತ ಅರ್ಥ," ಎಂದು ಸಮಾಧಾನಪಟ್ಟಳು.

ಹೊರಗಿನ ಬೆಂಚಿನ ಮೇಲೆ ಕಸ್ತೂರಿ ಕೂತಿದ್ದಳು. ಸರ್ಕಾರಿ ಶಾಲೆಯೊಂದರ ಆಟದ ಮಾಸ್ತರಬಾಯಿ, ಕಬಡ್ಡಿಯ ಆಟಗಾರ್ತಿ, ಮೂವತ್ತರ ಆಸುಪಾಸು. ಮದುವೆಯಾಗಿರಲಿಲ್ಲ; ನಿಶ್ಚಯವಾಗಿದ್ದದ್ದು ರೋಗದ ಸುದ್ದಿ ಕೇಳಿ ಮುರಿದಿತ್ತು. ತಪಾಸಣೆಗೆ ಬಂದಾಗೆಲ್ಲ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಹಂಚಿಕೊಂಡು ಸಲಿಗೆ ಬೆಳೆದಿತ್ತು. ಮುಂದಿನ ವಾರ ಶಸ್ತ್ರಚಿಕಿತ್ಸೆಗೆ ಅವಳ ಸರದಿ.

"ಅಕ್ಕಾರ, ಒಂದು ಕೇಳ್ಲಿ? ಸಿಟ್ಟಾಗಬ್ಯಾಡ್ರಿ." ಕಸ್ತೂರಿ ಹತ್ತಿರ ಸರಿದಳು. "ಡಾಕ್ಟರ್ರು ಎಲ್ಲಾ ಛಲೋನ ಹೇಳ್ತಾರ. ನೀವು ಮಾಡಿಸ್ಕೊಂಡವ್ರು. ಏನರ ಬ್ಯಾರೆ ಆಗ್ತದೇನು? ಹೇಳಿದ್ರ ತಯಾರಾಗಿ ಇರ್ತೀನಿ."

ಮಹಾನಂದಾಳ ಬಾಯಿಯ ತನಕ ಬಂತು. ಆದರೆ ಮದುವೆಯಾಗದ ಹುಡುಗಿಯ ಎದುರು, ಜವಾನರು ಓಡಾಡುವ ಕಾರಿಡಾರಿನಲ್ಲಿ, ಆ ಮಾತನ್ನು ಹೇಗೆ ಆಡುವುದು? ಹೇಳಿದರೆ ಪ್ರಯೋಗವೇ ನಿಂತು ಇವಳ ಸರದಿ ತಪ್ಪೀತು ಎಂಬ ನೆಪವೂ ಆ ಕ್ಷಣಕ್ಕೆ ಸಿಕ್ಕಿತು.

"ಏನೂ ಆಗಿಲ್ಲವಾ," ಎಂದಳು. "ಆರಾಮದೀನಿ. ಧೈರ್ಯಾ ಮಾಡು."

ಕಸ್ತೂರಿ ಅವಳ ಕೈ ಹಿಡಿದು ಒತ್ತಿದಳು.

ಕಸ್ತೂರಿಯ ಶಸ್ತ್ರಚಿಕಿತ್ಸೆಯಾಗಿ ಆರೇಳು ತಿಂಗಳು ಕಳೆದಿದ್ದವು, ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದಿತ್ತು. ತಪಾಸಣೆಗೆಂದು ಹೋದ ಮಹಾನಂದಾಳಿಗೆ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಒಂದು ಚಿತ್ರ ಕಪ್ಪಾಗಿರುವುದು ಕಂಡಿತು. ಫರ್ಹಾನಾಳ ಮುಖ ಬಾಡಿತ್ತು.

"ಕಸ್ತೂರಿದ್ರಿ ಅದು. ನಿನ್ನೆ ತಗದ್ವಿ."

"ಏನ ತಗದ್ರಿ?"

"ಎಲ್ಲಾ. ಒಳಗ ಕೀವಾಗಿ, ರಕ್ತಕ್ಕ ವಿಷ ಏರಿತ್ತು. ಜೀವ ಉಳಿದದ್ದ ದೊಡ್ಡದು." ಫರ್ಹಾನಾ ಕುರ್ಚಿಗೆ ಕುಸಿದಳು. "ಕೊಯ್ದು ನೋಡಿದ್ರ ಒಳಗ ಹಾಲು ಹೆಪ್ಪುಗಟ್ಟಿತ್ರಿ. ಹಾಲು! ಎದಿಗೆ ಬಟ್ಟಿ ಬಿಗದು ಕಟ್ಕೊಂಡು ಕಬಡ್ಡಿ ಆಡ್ಯಾಳ. ಜ್ವರಾ ಬಂದ್ರೂ ಗುಳಿಗಿ ನುಂಗಿ ಸುಮ್ನಿದ್ಲು. ಬಣ್ಣ ಕಿತ್ತಳಿ ಆದಾಗ ನರಾ ಕೂಡ್ಯಾವು ಅಂತ ನಾವೂ ಬಿಟ್ವಿ. ದಿನಾ ಫೋನಿನ್ಯಾಗ ಏನೂ ಇಲ್ಲಂತ ಹೇಳ್ಯಾಳ. ಯಾಕ ಮುಚ್ಚಿಟ್ಲು, ನನಗ ತಿಳೀವಲ್ದು."

ಯಾಕೆಂದು ತಿಳಿದವಳು ಎದುರಿಗೇ ನಿಂತಿದ್ದಳು. "ಪಾಪ," ಎಂದಷ್ಟೇ ಹೇಳಿ ಹೊರಬಿದ್ದಳು. ಬಸ್‌ಸ್ಟಾಪಿನಲ್ಲಿ ನಿಂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟಳು. ಕೊನೆಗೆ ಹತ್ತಿ ಕೂತಾಗ, ಆ ಬಸ್ಸಿನ ಕಂಡಕ್ಟರ್ ಗುರುತು ಹಿಡಿದು ನಕ್ಕಿದ್ದಕ್ಕೂ ಅವಳಿಗೆ ಮುಖ ಎತ್ತಲಾಗಲಿಲ್ಲ.

ಗಿರಣಿಯಲ್ಲಿ ಗಿರಾಕಿಗಳು ಇರಲಿಲ್ಲ. ಗುರುಪಾದಪ್ಪ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ. ಮಹಾನಂದಾ ಸೀದಾ ಅಲ್ಲಿಗೇ ಹೋಗಿ, ಮೂಟೆಯ ಮೇಲೆ ಕೂತು, ಎಲ್ಲವನ್ನೂ ಹೇಳಿದಳು. ತೋಳಿನ ಸುಳ್ಳು, ಹಾಲು, ಕಸ್ತೂರಿ. ಖಾರದ ಘಾಟಿಗೆ ಕಣ್ಣು ಉರಿಯುತ್ತಿದ್ದುದರಿಂದ ಅತ್ತದ್ದು ಅತ್ತಂತೆ ಕಾಣಲಿಲ್ಲ.

ಗುರುಪಾದಪ್ಪ ವಸ್ತ್ರ ಬಿಚ್ಚಿದ. "ತೋಳಿನ ಆಪರೇಷನ್ ಅಂದಿ. ನಾ ಏನ ಕುರುಡನೇನು? ಕಂಡದ್ದು ಕಂಡೇನಿ. ನೀ ಹೇಳೋತನ ಕೇಳಬಾರ್ದು ಅಂತ ಸುಮ್ನಿದ್ದೆ."

"ಹಾಲಿಂದೂ ಗೊತ್ತಿತ್ತ?"

"ಪಟ್ಟಿ ಒಣಾಕ್ತಿದ್ದಿಯಲ್ಲ ಮಾಳಿಗಿ ಮ್ಯಾಲ. ಅದು ಏನಂತ ತಿಳೀಲಿಲ್ಲ. ಹೆಂಗಸರ ವಿಷಯ ಅಂತ ಬಿಟ್ಟೆ." ಅವನು ಇನ್ನೊಂದು ಮೆಣಸಿನಕಾಯಿಯ ತೊಟ್ಟು ಮುರಿದು ಬದಿಗೆ ಹಾಕಿದ. "ನಾನೂ ಕೇಳಬೇಕಿತ್ತು. ಕೇಳಾಕ ನನಗೂ ನಾಚಿಕಿ ಆತು."

ಮರುದಿನ ಬೆಳಿಗ್ಗೆ ಫೋನು ಮೊಳಗಿದಾಗ ಅವಳು ಅಡಿಗೆಮನೆಯ ನಡುವೆಯೇ ನಿಂತಳು.

"ತಮ್ಮ ಸ್ತನದಲ್ಲಿ ಯಾವುದೇ ಬದಲಾವಣೆ ಕಂಡುಬಂದಿದೆಯೇ?"

"ಹೌದು."

ಯಂತ್ರಕ್ಕೆ ಆ ಉತ್ತರದ ರೂಢಿ ಇರಲಿಲ್ಲವೇನೋ, ಒಂದು ಕ್ಷಣ ತಡೆಯಿತು. "ದಯವಿಟ್ಟು ವಿವರಿಸಿ."

"ಮೊಲಿಯೊಳಗ ಹಾಲು ಬರಾಕತ್ತೇತ್ರಿ. ಭಾಳ ದಿವಸಾತು. ನಾ ಸುಳ್ಳ ಹೇಳೀನಿ."

ಮಧ್ಯಾಹ್ನದೊಳಗೆ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ರಕ್ತ ತೆಗೆದರು, ಹಾಲು ತೆಗೆದರು. ಕ್ಯಾನ್ಸರಿನ ಸುಳಿವು ಎಲ್ಲಿಯೂ ಇರಲಿಲ್ಲ. ಎಳೇತನ ಕೊಟ್ಟ ಜೀವಕೋಶಗಳಲ್ಲಿ ಕೆಲವು ಕೊಬ್ಬಾಗಿ ಉಳಿಯದೆ ಹಾಲಿನ ಗ್ರಂಥಿಗಳಾಗಿ ಬೆಳೆದು, ತಮ್ಮ ದಾರಿಯನ್ನು ತಾವೇ ಕೊರೆದುಕೊಂಡಿದ್ದವು. ಅಷ್ಟಕ್ಕೇ ಹಾಲು ಬರುವುದಿಲ್ಲ. ಜೋಡಿಸಿದ ನರಗಳು ದಿನವಿಡೀ ಉಜ್ಜುವ ಬೆಲ್ಟಿನ ಸುದ್ದಿಯನ್ನು ಮಿದುಳಿಗೆ ಒಯ್ದವು. ಮಿದುಳು ಅದನ್ನು ಮೊಲೆ ಉಣ್ಣುವ ಕೂಸೆಂದು ತಿಳಿದು, ಹಾಲು ತರಿಸುವ ರಸವನ್ನು ರಕ್ತಕ್ಕೆ ಸುರಿಸಿತು. ಪ್ರಾಣಿಗಳಲ್ಲಿ ನರ ಜೋಡಿಸಿರಲಿಲ್ಲ, ಹಾಗಾಗಿ ಇದು ಕಂಡಿರಲಿಲ್ಲ. ಕಸ್ತೂರಿಗೆ ಬೆಲ್ಟಿನ ಬದಲು ಆಟದ ಬಿಗಿ ಬನಿಯನ್ ಉಜ್ಜಿತ್ತು.

"ಒಂದು ಗುಳಿಗಿಲೆ ನಿಲ್ತದ್ರಿ ಇದು. ಒಂದಽ ಗುಳಿಗಿ," ಎಂದಳು ಫರ್ಹಾನಾ. ಬೈಯಲಿಲ್ಲ. ಗುಳಿಗೆಯ ಚೀಟಿ ಬರೆದು ಕೊಡುತ್ತ ಹೇಳಿದಳು, "ಆ ಕಿತ್ತಳಿ ಬಣ್ಣ ನನಗ ಕಂಡಿತ್ತು. ಗಂಡಸರ ಮುಂದ ನಿಲ್ಲಿಸಿ ಕೇಳಿದೆ. ನಮ್ಮ ಅವ್ವಗ ಗಂಟಾದಾಗ ಆಕಿನೂ ಮುಚ್ಚಿಟ್ಟಿದ್ಲು. ಗೊತ್ತಿದ್ದೂ ಹಂಗ ಕೇಳಿದೆ."

ಪ್ರಯೋಗವನ್ನು ನಿಲ್ಲಿಸಿದರು. ಆದರೆ ನರ ಜೋಡಿಸಿಕೊಂಡ ಹೆಂಗಸರು ಇನ್ನೂ ಹಲವರಿದ್ದರು. ಗೋಡೆಯ ಮೇಲೆ ಅವರಲ್ಲಿ ಹಲವರು ಈಗ ಕಿತ್ತಳೆ; ನರ ಕೂಡಿದ ಗುರುತೆಂದೇ ಈತನಕ ಬಿಟ್ಟಿದ್ದರು. ಫರ್ಹಾನಾ ತಾನೇ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿದಳು. ಎಲ್ಲರದೂ ಒಂದೇ ಉತ್ತರ: ಏನೂ ಇಲ್ಲ, ಆರಾಮದೀವಿ. ಆಗ ಮಹಾನಂದಾ ಫೋನಿಗೆ ಕೈ ಚಾಚಿದಳು. ತಂತ್ರಜ್ಞರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

ಮೊದಲನೆಯವಳು ಗದಗಿನ ಕಡೆಯ ಅಂಗನವಾಡಿ ಕಾರ್ಯಕರ್ತೆ. "ಏನೂ ಇಲ್ರಿ ಬಾಯಾರ," ಎಂದಳು.

"ನಾ ಡಾಕ್ಟರ್ ಅಲ್ಲವಾ. ನಾನೂ ನಿನ್ನಂಗ ಮಾಡಿಸ್ಕೊಂಡಾಕಿ, ಬಸ್ ಕಂಡಕ್ಟರ್. ನನಗ ಹಾಲು ಬಂತು. ಯಾರಿಗೂ ಹೇಳದ ಬಟ್ಟಿ ಬಿಗದು ಕಟ್ಕೊಂಡಿದ್ದೆ."

ಆ ಕಡೆ ಬಾಗಿಲು ಹಾಕಿದ ಸದ್ದು. ಆಮೇಲೆ ಬಿಕ್ಕುವ ದನಿ. "ನನಗಷ್ಟ ಆಗೇತಿ ಅಂದ್ಕೊಂಡಿದ್ದೆ ಅಕ್ಕಾ. ದೆವ್ವ ಹಿಡದೇತಿ ಅಂತ ನಮ್ಮತ್ತಿ ತಾಯತಾ ಕಟ್ಟಿಸ್ಯಾಳ."

ಸಂಜೆಯ ತನಕ ಕೂತು ಎಲ್ಲರೊಂದಿಗೂ ಮಾತಾಡಿದಳು. ಅರ್ಧಕ್ಕಿಂತ ಹೆಚ್ಚಿನವರಿಗೆ ಅದೇ ಆಗಿತ್ತು. ಒಬ್ಬಳಿಗೆ ಜ್ವರ ಶುರುವಾಗಿತ್ತು. ಆಂಬುಲೆನ್ಸ್ ಕಳಿಸಿದರು, ಕೀವಾಗುವ ಮೊದಲೇ ಮೊಲೆ ಉಳಿಯಿತು. ಫರ್ಹಾನಾ "ನಿಮ್ಮಿಂದ ಆತು" ಎಂದಾಗ ಮಹಾನಂದಾಳಿಗೆ ಆ ಮಾತು ಕೆನ್ನೆಗೆ ಬಡಿದಂತಾಯಿತು. ಹೇಳಬೇಕಿದ್ದದ್ದು ಒಬ್ಬಳಿಗೆ, ಬೆಂಚಿನ ಮೇಲೆ, ಅವಳು ಹತ್ತಿರ ಸರಿದು ಕೇಳಿದಾಗ.

ಕಸ್ತೂರಿಯನ್ನು ನೋಡಲು ಅವಳು ಆಸ್ಪತ್ರೆಗೆ ಎರಡು ಸಲ ಹೋಗಿ ವಾರ್ಡಿನ ಬಾಗಿಲಿಂದಲೇ ಮರಳಿದ್ದಳು. ಸಂಕ್ರಾಂತಿ ಕಳೆದ ಮೇಲೆ, ಹುಡುಗಿ ಕೆಲಸಕ್ಕೆ ಸೇರಿದ್ದಾಳೆಂದು ತಿಳಿದು, ಶಾಲೆಯ ಮೈದಾನಕ್ಕೆ ಹೋದಳು. ಕಸ್ತೂರಿ ಸೀಟಿ ಹಿಡಿದು ಹುಡುಗಿಯರಿಗೆ ಕಬಡ್ಡಿ ಆಡಿಸುತ್ತಿದ್ದಳು. ತೆಳ್ಳಗಾಗಿದ್ದಳು. ಟೀ ಶರ್ಟಿನ ಒಂದು ಬದಿ ಚಪ್ಪಟೆ. ಒಳಗೆ ಏನನ್ನೂ ಇಟ್ಟುಕೊಂಡಿರಲಿಲ್ಲ.

ಇಬ್ಬರೂ ಕಟ್ಟೆಯ ಮೇಲೆ ಕೂತರು.

"ನೀ ಕೇಳಿದಾಗ ನಾ ಸುಳ್ಳ ಹೇಳಿದೆ," ಎಂದಳು ಮಹಾನಂದಾ. "ಆವತ್ತ ನನಗ ಹಾಲು ಬರಾಕತ್ತಿತ್ತು."

"ಗೊತ್ತಾತ್ರಿ. ಡಾಕ್ಟರ್ ಹೇಳಿದ್ರು." ಕಸ್ತೂರಿ ಹುಡುಗಿಯರ ಕಡೆಯೇ ನೋಡುತ್ತಿದ್ದಳು. "ನನಗ ಬಂದಾಗ ಹುಚ್ಚ ಹಿಡಿಯೋದೊಂದು ಬಾಕಿ ಇತ್ತು. ಮದಿವಿ ಇಲ್ದಾಕಿಗೆ ಇದೇನು ಅಂತ. ನಿಮಗ ಫೋನ್ ಹಚ್ಚಬೇಕಂತ ನಂಬರ್ ತಗದೆ. ಅಕ್ಕಾರಿಗೆ ಏನೂ ಆಗಿಲ್ಲ, ನನ್ನ ಬಗ್ಗೆ ಏನ ತಿಳ್ಕೊಂತಾರೋ ಅಂತ ಇಟ್ಟಬಿಟ್ಟೆ."

ಮಹಾನಂದಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಕ್ಷಮಿಸು ಎನ್ನಲು ಬಂದವಳು. ಆ ಮಾತು ಈಗ ಬಾಯಿಗೆ ತೀರಾ ಸಣ್ಣದೆನಿಸಿತು, ಕೇಳಲು ಮುಖವೂ ಇರಲಿಲ್ಲ. ಎದ್ದು ಹೋಗಲೂ ಆಗಲಿಲ್ಲ. ಕಸ್ತೂರಿ ಯಾರನ್ನೋ ಕರೆದು ಚಹಾ ತರಿಸಿದಳು. ಸಿಟ್ಟಿನಿಂದಲೂ ಅಲ್ಲ, ಪ್ರೀತಿಯಿಂದಲೂ ಅಲ್ಲ, ಬಂದವರಿಗೆ ಕೊಡಬೇಕೆಂದು. ಅದನ್ನು ಕುಡಿಯುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

"ಡಾಕ್ಟರ್ ಮತ್ತ ಕರದಾರ," ಎಂದಳು ಕಸ್ತೂರಿ, ಲೋಟ ಕೆಳಗಿಟ್ಟು. "ಗ್ರಂಥಿ ಬೆಳೀಲಾರ್ದಂಗ ಹೊಸಾದು ಮಾಡ್ತೀವಿ, ಬೇಕಾದ್ರ ಬಾ ಅಂದಾರ. ನರಾನೂ ಜೋಡಸ್ತಾರಂತ. ಹೋಗಲೋ ಬ್ಯಾಡೋ, ತಿಳೀವಲ್ದು. ಹಿಂಗಽ ಇದ್ರೂ ಆಟಕ್ಕೇನೂ ಅಡ್ಡಿ ಇಲ್ಲ." ಮೊದಲ ಸಲ ತಿರುಗಿ ಮಹಾನಂದಾಳ ಮುಖ ನೋಡಿದಳು. "ನೀವು ಇನ್ನೂ ಇಟ್ಕೊಂಡೀರಿ. ಹೆಂಗಿರ್ತದ ಅದು? ಖರೇ ಹೇಳ್ರಿ. ಎಲ್ಲಾ."

ಮಹಾನಂದಾ ಸುತ್ತ ನೋಡಿದಳು. ಹುಡುಗಿಯರು ಅಂಗಳದಲ್ಲಿ ಧೂಳೆಬ್ಬಿಸುತ್ತಿದ್ದರು. ಗೇಟಿನ ಹತ್ತಿರ ಇಬ್ಬರು ಮಾಸ್ತರರು ನಿಂತು ಮಾತಾಡುತ್ತಿದ್ದರು. ಅವಳು ತಲೆ ತಗ್ಗಿಸಿ, ಪಿಸುಗುಟ್ಟಿದಂತೆ ಶುರು ಮಾಡಿದಳು: ನಳಿಕೆ ಹಾಕಿದ ದಿನಗಳು, ಬಾಗಿ ನಡೆದದ್ದು, ತನ್ನದಲ್ಲವೆನಿಸಿದ್ದು.

"ಕೇಳಸವಲ್ದ್ರಿ," ಎಂದಳು ಕಸ್ತೂರಿ. "ಜೋರಾಗಿ ಹೇಳ್ರಿ."

ಮಾಸ್ತರರು ಇನ್ನೂ ಅಲ್ಲೇ ನಿಂತಿದ್ದರು. ಮಹಾನಂದಾಳ ಕಿವಿ ಬಿಸಿಯಾಯಿತು, ಕತ್ತು ಬಿಸಿಯಾಯಿತು. ಆದರೂ ಅವಳು ತಲೆ ಎತ್ತಿ, ಮತ್ತೆ ಮೊದಲಿನಿಂದ, ಜೋರಾಗಿ ಹೇಳತೊಡಗಿದಳು.